ಮೂಗು ಮುಚ್ಚದ ಸ್ಕೂಬಾ ಮಾಸ್ಕು!

ಆನ್‌ಲೈನ್‌ನಲ್ಲಿ ‘ಸ್ಕೂಬಾ ಮಾಸ್ಕ್’ (ಗಾಳಿ ಸಿಲಿಂಡರ್ ಹೊತ್ತು ಸಮುದ್ರದಾಳಕ್ಕೆ ಇಳಿಯೋರು ಹಾಕೋ, ಕಣ್ಣು ಮೂಗು ಎರಡನ್ನೂ ಮುಚ್ಚೋ ಮಾಸ್ಕ್) ಅಂತ ಹುಡುಕಿ ನೋಡಿ, ಈಜುಕೊಳದ ಕನ್ನಡಕಗಳೂ ಸಾಲಾಗಿ ಬರುತ್ತವೆ. ಮೂಗನ್ನೇ ಮುಚ್ಚದ ವಸ್ತುವನ್ನು ಆ ಹೆಸರಲ್ಲಿ ಮಾರೋಕೆ ಇವರಿಗೆ ಮನಸ್ಸಾದರೂ ಹೇಗೆ ಬರುತ್ತೆ? ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡ ಮೇಲಿನದರ ಎರಡರಷ್ಟು. ಮೂಗಿನಿಂದ ಮಾಸ್ಕಿನೊಳಗೆ ಗಾಳಿ ಬಿಟ್ಟು ಸರಿದೂಗಿಸದಿದ್ದರೆ ಕಣ್ಣಿನ ಸಣ್ಣ ರಕ್ತನಾಳ ಒಡೆದು ಕಣ್ಣು ಕೆಂಪಾಗುತ್ತೆ. ಇದೇನು ಮಕ್ಕಳಾಟವೇ?

ಹೋಗಲಿ, ಅಂಗಡಿಗೇ ಹೋಗೋಣ ಅಂದ್ರೆ ನಮ್ಮೂರಿನ ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಇರೋದು ಒಂದೇ ಸೈಜು. ಅದನ್ನೂ ಡಬ್ಬಿಯಿಂದ ತೆಗೆಯೋ ಹಾಗಿಲ್ಲವಂತೆ! ಮಾಸ್ಕನ್ನು ಪಟ್ಟಿ ಬಿಗಿಯದೆ ಮುಖಕ್ಕೊತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈಬಿಟ್ಟರೆ ಅಂಟಿಕೊಂಡು ನಿಲ್ಲಬೇಕು. ಬಿತ್ತೋ, ನೀರಿನಲ್ಲಿ ಸೋರುತ್ತೆ. ಅರ್ಧ ನಿಮಿಷದ ಕೆಲಸ. ಅದಕ್ಕೂ ಬಿಡಲ್ಲ ಅಂದ್ರೆ ಅಂಗಡಿ ಯಾಕೆ ಇಟ್ಟಿದ್ದೀರಿ ಸ್ವಾಮಿ?

ನೇತ್ರಾಣಿ ದ್ವೀಪಕ್ಕೆ ಸ್ಕೂಬಾಗೆ ಹೋಗೋರಿಗೆ ಮುರುಡೇಶ್ವರದಲ್ಲಿ ಈ ಸಾಮಾನು ಬಾಡಿಗೆಗೆ ಸಿಗುತ್ತೆ, ನಿಜ. ಸ್ವಂತದ್ದು ಬೇಕು ಅನ್ನೋರ ಪಾಡು ಕೇಳಬೇಡಿ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸೋ ರೆಗ್ಯುಲೇಟರ್ ಅಂತೂ ಉಸಿರಿಗೇ ಆಧಾರ, ಕಾಲಕಾಲಕ್ಕೆ ಬಿಚ್ಚಿ ಸರ್ವಿಸ್ ಮಾಡಿಸಲೇಬೇಕು. ಆನ್‌ಲೈನಿನವರು ಡಬ್ಬಿ ಕಳಿಸಿ ಕೈತೊಳೆದುಕೊಳ್ತಾರೆ. ಸರ್ವಿಸ್ ಎಲ್ಲಿ ಮಾಡಿಸಲಿ ಅಂತ ಮೇಲ್ ಹಾಕಿದರೆ ಉತ್ತರವೇ ಇಲ್ಲ.