ನೈಜರ್ ನದಿಯ ನೀರನ್ನು ಫೋಮಿಯಲ್ಲಿ ತಡೆಯಬೇಕೇ?

ಪಶ್ಚಿಮ ಆಫ್ರಿಕಾದ ನೈಜರ್ ನದಿ ಹುಟ್ಟುವುದು ಗಿನಿ ದೇಶದ ಬೆಟ್ಟಗಳಲ್ಲಿ. ಅಲ್ಲಿಂದ ಕಡಲು ಬರೀ 240 ಕಿ.ಮೀ. ದೂರ. ಆದರೂ ಈ ನದಿ ಕಡಲಿಗೆ ಬೆನ್ನು ಮಾಡಿ ಮಾಲಿಯ ಮೂಲಕ ಸಹಾರಾದ ಅಂಚಿಗೆ ಹೋಗುತ್ತದೆ. ಒಟ್ಟು 4,180 ಕಿ.ಮೀ. ಸುತ್ತಿ ನೈಜೀರಿಯಾದಲ್ಲಿ ಕಡಲು ಸೇರುತ್ತದೆ. ಗಿನಿಯಲ್ಲಿ ಅದರ ಉಪನದಿ ನಿಯಾಂದಾನ್‌ಗೆ ಫೋಮಿ ಎಂಬಲ್ಲಿ ಅಣೆಕಟ್ಟು ಕಟ್ಟುವ ಮಾತು ದಶಕಗಳಿಂದ ಇದೆ.

ಪರ

1985ರ ಬೇಸಿಗೆಯಲ್ಲಿ ನಿಯಾಮೇ ನಗರದ ಹತ್ತಿರ ನೈಜರ್ ಹರಿಯುವುದೇ ನಿಂತುಹೋಗಿತ್ತು. ಒಂದು ದೇಶಕ್ಕೆ ಹೆಸರು ಕೊಟ್ಟ ನದಿ ಅದೇ ದೇಶದ ರಾಜಧಾನಿಯಲ್ಲಿ ಸೊರಗಿತು. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಗೆ ಬಿಟ್ಟರೆ ಇಂಥ ಸಂಕಟ ಕಡಿಮೆಯಾಗುತ್ತದೆ. ಮಾಲಿಯ ಸೆಲಿಂಗೆ ಅಣೆಕಟ್ಟು 1980ರ ದಶಕದಿಂದ ಮಾಡುತ್ತಿರುವುದು ಇದನ್ನೇ. ಮಾಲಿಯದೇ ಆದ ಮರ್ಕಾಲಾ ಬ್ಯಾರೇಜಿನ ಕೆಳಗಿನ ಭತ್ತದ ಗದ್ದೆಗಳಲ್ಲಿ ಎರಡನೇ ಬೆಳೆಗೆ ನೀರು ಸಾಲುವುದಿಲ್ಲ. ಫೋಮಿಯಿಂದ ಆ ನೀರು ಬರುತ್ತದೆ, ಗಿನಿಗೆ ಕರೆಂಟೂ ಸಿಗುತ್ತದೆ. ಈಗೇನಾಗುತ್ತಿದೆ? ಮಾಲಿಯ ಒಳನಾಡಿನ ಬಯಲಲ್ಲಿ ಹರಡಿಕೊಂಡು ಹತ್ತಿರತ್ತಿರ ಅರ್ಧದಷ್ಟು ನೀರು ಬಿಸಿಲಿಗೆ ಆವಿಯಾಗುತ್ತದೆ. ಹಸಿವಿರುವ ನಾಡಲ್ಲಿ ಅಷ್ಟು ನೀರನ್ನು ಸುಮ್ನೆ ಬಿಡೋದು ಸರಿಯಲ್ಲ.

ವಿರೋಧ

ಆವಿಯಾಗುವ ಮೊದಲು ಆ ನೀರು ಏನು ಮಾಡುತ್ತದೆ ಅಂತ ನೋಡಬೇಕು. ನೆರೆ ಏರಿದಂತೆ ಬುರ್ಗು ಹುಲ್ಲು ಅದರ ಜೊತೆಗೇ ಮೀಟರುಗಟ್ಟಲೆ ಉದ್ದ ಬೆಳೆಯುತ್ತದೆ. ಅದರ ಬುಡದಲ್ಲಿ ಮೀನು ಮರಿ ಮಾಡುತ್ತವೆ. ಬೋಜೋ ಬೆಸ್ತರ ಬದುಕು ಆ ಮೀನಿನ ಮೇಲೆ. ನೀರು ಇಳಿದಾಗ ಅದೇ ಹುಲ್ಲು ದನಗಳಿಗೆ ಮೇವು. ಸುತ್ತಲೂ ಒಣ ಮರಳು, ನಡುವೆ ಈ ಹಸಿರು.

ಇದೇ ಬಯಲಿನ ಜಿಯಾಫರಾಬೆ ಊರಲ್ಲಿ ವರ್ಷಕ್ಕೊಮ್ಮೆ ಫುಲಾನಿ ದನಗಾಹಿಗಳು ದೂರದ ಮೇವಿನಿಂದ ಮರಳಿ ಮಂದೆಯನ್ನು ನದಿಗಿಳಿಸುತ್ತಾರೆ. ಕೊಂಬುಗಳಷ್ಟೇ ನೀರಿನ ಮೇಲೆ ಕಾಣುತ್ತವೆ, ಹುಡುಗರು ಪಕ್ಕದಲ್ಲಿ ಈಜುತ್ತಾರೆ. ಆಚೆ ದಡದಲ್ಲಿ ತಿಂಗಳುಗಟ್ಟಲೆ ಕಾದ ಮನೆಯವರು ಹೊಸ ಬಟ್ಟೆಯಲ್ಲಿ ನಿಂತಿರುತ್ತಾರೆ. ದಾಟುವ ದಿನ ಗೊತ್ತುಮಾಡುವುದು ನೀರಿನ ಮಟ್ಟ ನೋಡಿ. ಅಂದರೆ ಇಡೀ ಊರಿನ ಪಂಚಾಂಗವೇ ಈ ನೆರೆ, ಅಲ್ವಾ?

ಬಯಲಿನ ಈ 41,000 ಚದರ ಕಿ.ಮೀ.ಗೂ ಜಾಸ್ತಿ ಜಾಗ 2004ರಿಂದ ರಾಮ್ಸಾರ್ ತಾಣ, ಅಂದರೆ ಜಗತ್ತಿನ ಮಹತ್ವದ ಜೌಗುಭೂಮಿಗಳ ಪಟ್ಟಿಯಲ್ಲಿದೆ. ಯುರೋಪಿನ ಚಳಿ ತಪ್ಪಿಸಿಕೊಂಡು ಬರುವ ಹಕ್ಕಿಗಳೂ ಇಲ್ಲೇ ಇಳಿಯುತ್ತವೆ. ಸಹಾರಾದ ದಕ್ಷಿಣದ ಅಂಚಾದ ಸಹೇಲಿನ ಬರಗಾಲಗಳಲ್ಲಿ ನೆರೆ ಸಣ್ಣದಾದಾಗ ಮೀನು, ಮೇವು ಎರಡೂ ಕುಗ್ಗಿದ್ದನ್ನು ಜನ ಕಂಡಿದ್ದಾರೆ. ಅಣೆಕಟ್ಟು ಅದೇ ಪೆಟ್ಟನ್ನು ಪ್ರತಿ ವರ್ಷ ಕೊಡುತ್ತದೆ.

ಗಿನಿಗೆ ಕರೆಂಟ್ ಬೇಕು, ನಿಜ. ಆದರೆ ಅದರ ಕೊಂಕುರೆ ನದಿ ನೇರ ಅಟ್ಲಾಂಟಿಕ್‌ಗೆ ಹೋಗುತ್ತದೆ. ಅಲ್ಲಿ 240 ಮೆಗಾವಾಟ್‌ನ ಕಲೆಟಾ, 450 ಮೆಗಾವಾಟ್‌ನ ಸುವಾಪಿಟಿ ಆಗಲೇ ಎದ್ದಿವೆ. ಅವುಗಳಿಂದ ತಂತಿ ಎಳೆಯುವ ಖರ್ಚು ಮೊದಲು ಆಗಲಿ. ಫೋಮಿಯಿಂದ ಬೇಸಿಗೆಯಲ್ಲಿ ಬಿಡುವ ನೀರು ಕಾಲುವೆಗೆ ಸಾಕಾಗಬಹುದು, ದಡ ಮೀರಿ ಬುರ್ಗು ಬಯಲಿಗೆ ಏರುವುದಿಲ್ಲ.