ಚಕ್ಕರ್ ಬಂದ ದಿನದ ಗುಳಿಗೆ

ಕಳೆದ ಮೇ ತಿಂಗಳಲ್ಲಿ ಇಂಗ್ಲೆಂಡಿನಿಂದ ಕಲಬುರಗಿಗೆ ಬಂದಾಗ, 62ರ ನಮ್ಮ ಕಾಕಾ ಬಿಪಿ ಗುಳಿಗೆ ಬಿಟ್ಟು ತಿಂಗಳಾಗಿತ್ತು. ಕೇಳಿದರೆ, “ನಾರ್ಮಲ್ ಆಗ್ಯಾದಲ್ಲ ತಮ್ಮಾ, ಚಕ್ಕರ್ ಬಂದ್ರ ಮತ್ತ ತಗೋತೀನಿ” ಎಂದರು. ನಾರ್ಮಲ್ ಆದದ್ದು ಗುಳಿಗೆಯ ದೆಸೆಯಿಂದಲೇ ಎಂಬುದು ಅವರಿಗೆ ಹೊಳೆದಿರಲಿಲ್ಲ. ಜೊತೆಗೆ, 40 ಡಿಗ್ರಿ ದಾಟುವ ನಮ್ಮೂರ ಬಿಸಿಲಿಗೆ ರಕ್ತನಾಳಗಳು ಹಿಗ್ಗಿ, ಬೆವರಿನಲ್ಲಿ ನೀರು, ಉಪ್ಪು ಹೋಗಿ ಬಿಪಿ ತುಸು ಇಳಿಯುವುದುಂಟು. ಆಗ ವೈದ್ಯರೇ ಗುಳಿಗೆಯ ಪ್ರಮಾಣ ತಗ್ಗಿಸಬಹುದು. ತಾವಾಗಿ ಬಿಟ್ಟವರಿಗೆ ಚಳಿ ಬೀಳುವ ಹೊತ್ತಿಗೆ ಅದು ಸದ್ದಿಲ್ಲದೆ ಮೇಲೇರಿರುತ್ತದೆ. ಹೆಚ್ಚಿನವರಿಗೆ ಚಕ್ಕರ್ ಬರುವುದೇ ಇಲ್ಲ, ಕೆಲವರಿಗೆ ಲಕ್ವಾ ಹೊಡೆದ ದಿನವೇ ವಿಷಯ ತಿಳಿಯುತ್ತದೆ.

ಮರುದಿನ ಅವರನ್ನು ಒಂದು ದವಾಖಾನೆಗೆ ಕರೆದೊಯ್ದೆ. ಮೆಟ್ಟಿಲು ಹತ್ತಿ ಬಂದು ಇನ್ನೂ ಏದುಸಿರು ಬಿಡುತ್ತಿದ್ದವರ ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಊರಿನ ಮಳೆಯ ಸುದ್ದಿ ಮಾತಾಡಿಸುತ್ತಲೇ ಅಳೆದರು: 168/96. ಅಂದು ಸಂಜೆ ಮನೆಯಲ್ಲಿ ಮೂತ್ರಕ್ಕೆ ಹೋಗಿ ಬರಹೇಳಿ, ಕುರ್ಚಿಗೆ ಬೆನ್ನು ಆನಿಸಿ, ಪಾದ ನೆಲಕ್ಕೂರಿ, ಬರಿ ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಿಸಿ, ಐದು ನಿಮಿಷ ಸುಮ್ಮನೆ ಕೂರಿಸಿ ಅಳೆದೆ: 148/90. ಎರಡೂ ಹೆಚ್ಚೇ, ಆದರೆ ಔಷಧ ಎಷ್ಟಿರಬೇಕೆಂಬ ಲೆಕ್ಕ ಇಂಥ ಅಂತರದ ಮೇಲೆ ನಿಂತಿರುತ್ತದೆ.

ಇಂಗ್ಲೆಂಡಿನಲ್ಲಿ ನನಗೆ ಮೆಚ್ಚಿಕೆಯಾದದ್ದು ಅಳತೆಯ ಈ ಶಿಸ್ತು. 2021ರಿಂದ ಅಲ್ಲಿ 40 ದಾಟಿದವರ ಬಿಪಿಯನ್ನು ಅನೇಕ ಔಷಧದಂಗಡಿಗಳಲ್ಲೇ ಉಚಿತವಾಗಿ ನೋಡುತ್ತಾರೆ. 140/90 ದಾಟಿದರೆ ಒಂದೇ ಅಳತೆ ನಂಬಿ ಹಣೆಪಟ್ಟಿ ಹಚ್ಚುವುದಿಲ್ಲ. ತೋಳಿಗೆ 24 ಗಂಟೆಯ ಯಂತ್ರ ಕಟ್ಟುತ್ತಾರೆ, ಇಲ್ಲವೇ ವಾರವಿಡೀ ಬೆಳಿಗ್ಗೆ-ಸಂಜೆ ಎರಡೆರಡು ಸಲ ಅಳೆದು ಬರೆಯಲು ಹೇಳಿ, ಮೊದಲ ದಿನದ ಅಂಕಿ ಬಿಟ್ಟು ಉಳಿದವುಗಳ ಸರಾಸರಿ ತೆಗೆಯುತ್ತಾರೆ. ಆದರೆ ಅಲ್ಲಿನದೆಲ್ಲ ಸುಖವೆಂದು ಭಾವಿಸಬೇಡಿ, ವೈದ್ಯರ ಭೇಟಿಗೆ ವಾರಗಟ್ಟಲೆ ಕಾಯಬೇಕಾಗುವುದುಂಟು. ಇಲ್ಲಾದರೋ ಆಶಾ ಕಾರ್ಯಕರ್ತೆ 30 ದಾಟಿದವರ ವಿವರ ಬರೆದುಕೊಳ್ಳಲು ಮನೆಬಾಗಿಲಿಗೇ ಬರುತ್ತಾಳೆ.

ಊಟದ ವಿಷಯದಲ್ಲಂತೂ ನಾವು ಅವರಿಂದ ಕಲಿಯಬೇಕಾದದ್ದು ಕಡಿಮೆ ಎಂದೇ ನನ್ನ ಅನಿಸಿಕೆ. ಅಲ್ಲಿನವರ ಬ್ರೆಡ್ಡಿನೊಳಗೇ ಉಪ್ಪು ಅಡಗಿರುವುದರಿಂದ ಅದನ್ನು ತಗ್ಗಿಸಲು ಸರ್ಕಾರ ಕಾರ್ಖಾನೆಗಳ ಬೆನ್ನು ಹತ್ತಬೇಕಾಯಿತು. ನಮ್ಮ ಮನೆಯ ಜೋಳದ ರೊಟ್ಟಿಗೆ ಉಪ್ಪೇ ಇಲ್ಲ. ಉಪ್ಪು ಇರುವುದು ಪಕ್ಕದಲ್ಲಿ: ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ, ಮೇಲಿಂದ ಮಜ್ಜಿಗೆಗೊಂದು ಚಿಟಿಕೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ, ಈ ಪಕ್ಕದ ಪದಾರ್ಥಗಳಲ್ಲೇ ಬಹುಪಾಲು ಮುಗಿಯುತ್ತದೆ. ಅದನ್ನು ಇಳಿಸಲು ಯಾವ ಕಾರ್ಖಾನೆಯ ಒಪ್ಪಿಗೆಯೂ ಬೇಡ, ಕಾಕಿಯ ಒಪ್ಪಿಗೆ ಸಾಕು. (ಅದು ಸುಲಭವೆಂದು ನಾನು ಹೇಳುತ್ತಿಲ್ಲ.)

ಇನ್ನೊಂದು ಸಂಗತಿ ನನ್ನನ್ನು ಬೆಚ್ಚಿಬೀಳಿಸಿತು. ಮೊಣಕಾಲು ನೋವಿಗೆಂದು ಕಾಕಾ ಅಂಗಡಿಯಿಂದ ಚೀಟಿಯಿಲ್ಲದೆ ಡೈಕ್ಲೋಫೆನಾಕ್ ತಂದು ನುಂಗುತ್ತಿದ್ದರು. ಈ ಬಗೆಯ ನೋವಿನ ಗುಳಿಗೆಗಳು ದೇಹದಲ್ಲಿ ಉಪ್ಪು-ನೀರನ್ನು ಹಿಡಿದಿಟ್ಟು ಬಿಪಿ ಏರಿಸುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು. ಬಿಪಿ ವೈದ್ಯರಿಗೆ ಇದನ್ನು ಅವರು ಹೇಳಿರಲಿಲ್ಲ, ವೈದ್ಯರೂ ಕೇಳಿರಲಿಲ್ಲ. ಆಮ್ಲೋಡಿಪಿನ್‌ನಿಂದ ಕಾಲು ಬಾತಿದ್ದನ್ನೂ ಹೇಳದೆ ಆ ಬಿಪಿ ಗುಳಿಗೆಯನ್ನೇ ಬಿಟ್ಟಿದ್ದರೆಂಬುದು ಆಮೇಲೆ ತಿಳಿಯಿತು. ಹೇಳಿದಾಗ ವೈದ್ಯರು ಎರಡೇ ನಿಮಿಷದಲ್ಲಿ ಬೇರೆ ಗುಳಿಗೆ ಬರೆದರು.

ಈಗ ಅವರ ಹಾಲಿನ ಲೆಕ್ಕದ ವಹಿಯ ಹಿಂಬದಿಯಲ್ಲಿ ದಿನಾಂಕ ಮತ್ತು ಎರಡು ಅಂಕಿಗಳ ಸಾಲು ಬೆಳೆಯುತ್ತಿದೆ, ರವಿವಾರ ಫೋನಿನಲ್ಲಿ ಓದಿ ಹೇಳುತ್ತಾರೆ. ಮಜ್ಜಿಗೆಯ ಉಪ್ಪು ನಿಂತಿದೆಯಂತೆ. ಉಪ್ಪಿನಕಾಯಿಯ ಮಾತು ಇನ್ನೂ ನಡೆದಿದೆ.