ಸತ್ಯಾಂಶ: ವ್ಯಾಟ್ ದುಪ್ಪಟ್ಟಾದರೆ ಗಿಟಾರ್ ಆಂಪ್‌ನ ಸದ್ದೂ ದುಪ್ಪಟ್ಟಾ?

ಗಿಟಾರ್ ಕಲಿಯುವವರ ಗುಂಪುಗಳಲ್ಲಿ ಒಂದು ಫಾರ್ವರ್ಡ್ ಆಗಾಗ ತಿರುಗುತ್ತಿರುತ್ತದೆ. 100 ವ್ಯಾಟ್‌ನ ಆಂಪ್ (ಗಿಟಾರಿನ ಸದ್ದನ್ನು ಜೋರು ಮಾಡುವ ಆಂಪ್ಲಿಫೈಯರ್) 50 ವ್ಯಾಟ್‌ನದ್ದಕ್ಕಿಂತ ಎರಡು ಪಟ್ಟು ಜೋರು, ಟೋನೂ (ಅಂದರೆ ನಾದದ ಗುಣವೂ) ಮೇಲು ಅನ್ನುವುದು ಅದರ ಸಾರ. ಕೇಳಿದರೆ ಸರಿ ಅನ್ನಿಸುತ್ತದೆ, ಅಲ್ವಾ? ನಾನೂ ನಂಬಿದ್ದೆ. ಆದರೆ ಲೆಕ್ಕ ಹಾಗಿಲ್ಲ.

ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು ಸುಮಾರು 3 ಡೆಸಿಬೆಲ್ (ಸದ್ದಿನ ಮಟ್ಟ ಅಳೆಯುವ ಮಾನ). ಕಿವಿಗೆ ಅದು ಸ್ವಲ್ಪ ಜೋರು, ಅಷ್ಟೇ. ಎರಡು ಪಟ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಸ್ಪೀಕರ್ ಪಾತ್ರವೂ ಸಣ್ಣದಲ್ಲ. ಅಷ್ಟೇ ವ್ಯಾಟ್‌ಗೆ ಅದು ಎಷ್ಟು ಜೋರು ಸದ್ದು ಕೊಡುತ್ತದೆ ಅನ್ನುವುದೇ ಅದರ ಸೆನ್ಸಿಟಿವಿಟಿ. 97 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರ್ ತೆಗೆದು 100 ಡೆಸಿಬೆಲ್‌ನದ್ದು ಹಾಕಿದರೆ ವ್ಯಾಟ್ ದುಪ್ಪಟ್ಟು ಮಾಡಿದಷ್ಟೇ ಫಲ.

ಟೋನ್ ಮಾತು ಬೇರೆ. ವಾಲ್ವ್ ಆಂಪ್ (ಗಾಜಿನ ನಳಿಗೆಗಳಿಂದ ಸದ್ದು ಹೆಚ್ಚಿಸುವಂಥದ್ದು) ತನ್ನ ಮಿತಿಯ ಹತ್ತಿರ ಹೋದಾಗ ಸದ್ದು ಒಡೆದು ಬೆಚ್ಚಗಾಗುತ್ತದೆ. 5 ವ್ಯಾಟ್‌ನದ್ದು ಅಲ್ಲಿಗೆ ಬೇಗ ಮುಟ್ಟುತ್ತದೆ. 100 ವ್ಯಾಟ್‌ನದ್ದು ಮುಟ್ಟುವಷ್ಟರಲ್ಲಿ ಕೋಣೆಯ ಕಿಟಕಿ ಅದುರುತ್ತಿರುತ್ತದೆ! ಹಾಗಂತ ದೊಡ್ಡ ವ್ಯಾಟ್ ಸುಮ್ನೆ ಅಲ್ಲ. ಡ್ರಮ್ಸ್ ಪಕ್ಕದಲ್ಲೂ ಸ್ವಚ್ಛ ಸದ್ದು ಬೇಕಾದವರಿಗೆ ಅದು ಬೇಕೇ ಬೇಕು.

ನೀವೇ ನೋಡಬೇಕಾ? ಸ್ಪೀಕರ್ ವಿವರದಲ್ಲಿ ಸೆನ್ಸಿಟಿವಿಟಿ ಓದಿ. ಆಮೇಲೆ ಒಂದೇ ಗಿಟಾರನ್ನು ಎರಡು ಆಂಪ್‌ಗೆ ಹಾಕಿ, ಫೋನಿನ ಸದ್ದಳೆಯುವ ಆಪ್ ನೋಡಿಕೊಂಡು ಎರಡನ್ನೂ ಸಮ ಮಾಡಿ. ಜೋರಾಗಿದ್ದದ್ದೇ ಚೆಂದ ಅಂತ ಕಿವಿ ಮೋಸ ಹೋಗುತ್ತದೆ, ಅದಕ್ಕೇ. ಗೆಳೆಯರು ನುಡಿಸಲಿ, ನೀವು ಬೆನ್ನು ತಿರುಗಿಸಿ ಕೇಳಿ.